ನಂಬುಗೆಯ ನೆಳಲು–ಬೆಳಕು: ಗಿರೀಶ ಕಾಸರವಳ್ಳಿಯವರ ಚಿತ್ರಗಳನ್ನು ಕುರಿತು

ಶ್ರದ್ಧಾವಂತ ಮನೆತನಗಳಲ್ಲಿ ಸಿನಿಮಾಕ್ಕೆ ಬಹುಕಾಲ ಹೊಸ್ತಿಲಾಚೆಯ ಸ್ಥಾನವೇ ಇತ್ತು. ಪುರಾಣ, ಕೀರ್ತನ, ಬಯಲಾಟಗಳು ಗುಡಿಯ ಮುಂದಣ ಕಟ್ಟೆಯಲ್ಲಿಯೇ ಎಡೆ ಪಡೆದಿದ್ದವು. ನಾಟಕವೂ ಜಾತ್ರೆಯ ನೆಪದಿಂದ ಮಠದ ಅಂಗಳವನ್ನು ಪ್ರವೇಶಿಸಿತು. ಚಲಚ್ಚಿತ್ರವೊಂದು ಮಾತ್ರ ಪೇಟೆಯ ಸರಕೆಂದೂ ಎಳೆಯರ ಮನಸ್ಸನ್ನು ಕೆಡಿಸುವ ಮಾಯೆಯೆಂದೂ ಎಣಿಸಲ್ಪಟ್ಟು ಹೊರಗೇ ಉಳಿಯಿತು. ಆ ಎಣಿಕೆಗೆ ಕಾರಣಗಳು ಇಲ್ಲದಿರಲಿಲ್ಲ. ಆದರೆ ಒಂದು ಕಲೆಯನ್ನು ಅದರ ಕೀಳು ಮಾದರಿಗಳಿಂದಲೇ ಅಳೆಯುವುದು ನ್ಯಾಯವಲ್ಲ. ತೂಕಕ್ಕೆ ಹಿಡಿಯುವಾಗ ಉತ್ತಮವಾದುದನ್ನೂ ತಕ್ಕಡಿಯಲ್ಲಿಡಬೇಕು. ಈ ದೃಷ್ಟಿಯಿಂದ ಕನ್ನಡದ ಸ್ವತಂತ್ರ ಚಿತ್ರಕತೆಗಾರ, ನಿರ್ದೇಶಕ ಶ್ರೀ ಗಿರೀಶ ಕಾಸರವಳ್ಳಿಯವರ ಸಾಧನೆಯನ್ನು ವಾಚಕರೊಡನೆ ವಿವೇಚಿಸುವುದು ಈ ಬರೆಹದ ಉದ್ದೇಶ.

ಕಾಸರವಳ್ಳಿಯವರ ಹೆಸರೆತ್ತಿದೊಡನೆ ಭಕ್ತವಲಯದಲ್ಲಿ ಎರಡು ಆಕ್ಷೇಪಗಳು ಕೇಳಿಬರುವುದುಂಟು. ಅವರು ಸಂಪ್ರದಾಯವನ್ನು ಹೀಗಳೆಯುವವರು ಎಂಬುದು ಒಂದು. ಅವರ ಚಿತ್ರಗಳು ಪ್ರಶಸ್ತಿಗಾಗಿ ನಿರ್ಮಿತವಾದವು, ನಮ್ಮಂಥವರಿಗಲ್ಲ ಎಂಬುದು ಇನ್ನೊಂದು. ಮೊದಲನೆಯದು ನಂಬುಗೆಯನ್ನು ಕುರಿತ ಪ್ರಶ್ನೆ, ಎರಡನೆಯದು ಪ್ರೇಕ್ಷಕನನ್ನು ಕುರಿತ ಪ್ರಶ್ನೆ. ಎರಡನ್ನೂ ಹಗುರವಾಗಿ ತಳ್ಳಿಹಾಕಲಾಗದು. ಮೊದಲನೆಯದಕ್ಕೆ ಉತ್ತರ ಅವರ ಚಿತ್ರಗಳ ಒಳಗೇ ಇದೆ. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ನಾವು.

ಸಂಸ್ಕಾರ ಮತ್ತು ಸಿದ್ಧತೆ

ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಜನಿಸಿದ ಕಾಸರವಳ್ಳಿಯವರು ಮೊದಲು ಅಭ್ಯಸಿಸಿದ್ದು ಔಷಧಶಾಸ್ತ್ರ. ಮಣಿಪಾಲದಲ್ಲಿ ಆ ಪದವಿಯನ್ನು ಮುಗಿಸಿದ ಮೇಲೆ ಅವರು ಪುಣೆಯ ಚಲಚ್ಚಿತ್ರ ಸಂಸ್ಥೆಯನ್ನು ಸೇರಿದರು. ಹೆಗ್ಗೋಡಿನ ನೀನಾಸಮ್ ಸಂಸ್ಥೆಯನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು ಇವರ ಸೋದರಮಾವ. ಹಳ್ಳಿಯ ಜನರೂ ಜಗತ್ತಿನ ಶ್ರೇಷ್ಠ ನಾಟಕಗಳನ್ನೂ ಚಿತ್ರಗಳನ್ನೂ ನೋಡಬಲ್ಲರು, ನೋಡಿ ಚರ್ಚಿಸಬಲ್ಲರು ಎಂಬ ಸುಬ್ಬಣ್ಣನವರ ದೃಢ ನಂಬಿಕೆ ಸೋದರಳಿಯನ ಮನಸ್ಸಿನಲ್ಲಿಯೂ ಬೇರೂರಿರಬೇಕು. ಪುಣೆಯಲ್ಲಿ ಕಲಿತ ದಿನಗಳಲ್ಲಿ ಅವರು ನಿರ್ಮಿಸಿದ ಕಿರುಚಿತ್ರ ‘ಅವಶೇಷ’ ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. ಬಿ.ವಿ. ಕಾರಂತರು ‘ಚೋಮನ ದುಡಿ’ಯನ್ನು ನಿರ್ದೇಶಿಸಿದಾಗ ಇವರು ಸಹಾಯಕರಾಗಿ ದುಡಿದರು.

ಆ ಕಾಲವನ್ನೂ ನೆನೆಯಬೇಕು. 1970ರಲ್ಲಿ ‘ಸಂಸ್ಕಾರ’ ತೆರೆಗೆ ಬಂದು ಸ್ವರ್ಣಕಮಲವನ್ನು ಪಡೆಯಿತು; 1975ರಲ್ಲಿ ‘ಚೋಮನ ದುಡಿ’ ಅದನ್ನೇ ಪಡೆಯಿತು. ಕನ್ನಡದ ಕತೆ–ಕಾದಂಬರಿಗಳು ಅಲ್ಪ ಬಂಡವಾಳದಲ್ಲಿ, ತಾರೆಯರ ಹಂಗಿಲ್ಲದೆ, ಹಾಡು–ಕುಣಿತಗಳ ಕಟ್ಟಳೆಯಿಲ್ಲದೆ ಚಿತ್ರಗಳಾಗತೊಡಗಿದ್ದ ದಶಕವದು. ಆ ಹೊಳೆಯಲ್ಲಿ ಇಳಿದವರು ಅನೇಕರು. ಕೆಲವರು ಒಂದೆರಡು ಚಿತ್ರಗಳಿಗೆ ದಣಿದರು, ಕೆಲವರು ಬೇರೆ ದಾರಿ ಹಿಡಿದರು. ನಾಲ್ಕು ದಶಕಗಳಿಗೂ ಮಿಕ್ಕಿ ಅದೇ ಹೊಳೆಯಲ್ಲಿ ಈಜಿದವರಲ್ಲಿ ಕಾಸರವಳ್ಳಿಯವರು ಅಗ್ರಗಣ್ಯರು.

ಸ್ವತಂತ್ರ ನಿರ್ದೇಶಕ ಎಂಬ ಮಾತನ್ನು ಇಲ್ಲಿ ಸ್ವಲ್ಪ ವಿವರಿಸುವುದು ಲೇಸು. ವ್ಯಾಪಾರಿ ಚಿತ್ರದಲ್ಲಿ ಹಂಚಿಕೆದಾರನ ಮುಂಗಡ ಹಣ, ನಾಯಕನಟನ ಹೆಸರು, ಪ್ರೇಕ್ಷಕನ ಅಭಿರುಚಿಯ ಬಗೆಗಿನ ಊಹೆ ಇವೇ ಕತೆಯ ನಡೆಯನ್ನು ನಿರ್ಣಯಿಸುತ್ತವೆ. ಸ್ವತಂತ್ರ ನಿರ್ದೇಶಕನು ಈ ಮೂರರ ಋಣವನ್ನೂ ನಿರಾಕರಿಸುತ್ತಾನೆ. ನಿರಾಕರಿಸಿದ ಮೇಲೆ ಅವನಿಗೆ ಉಳಿಯುವುದು ತನ್ನ ಲೇಖನಿ ಮತ್ತು ತನ್ನನ್ನು ನಂಬುವ ಒಬ್ಬ ನಿರ್ಮಾಪಕ. ‘ಘಟಶ್ರಾದ್ಧ’ಕ್ಕೆ ಸದಾನಂದ ಸುವರ್ಣರು, ‘ತಾಯಿಸಾಹೇಬ’ಕ್ಕೆ ನಟಿ ಜಯಮಾಲಾ, ‘ದ್ವೀಪ’ಕ್ಕೆ ನಟಿ ಸೌಂದರ್ಯ, ‘ಗುಲಾಬಿ ಟಾಕೀಸ್’ ಮೊದಲಾದ ಕಡೆಯ ಚಿತ್ರಗಳಿಗೆ ಬಸಂತಕುಮಾರ ಪಾಟೀಲರು ನಿರ್ಮಾಪಕರಾಗಿ ನಿಂತರು. ಜನಪ್ರಿಯ ಚಿತ್ರಗಳಲ್ಲಿ ಹೆಸರು ಮಾಡಿದ್ದ ಇಬ್ಬರು ನಟಿಯರು ತಾವಾಗಿಯೇ ಹಣ ತೊಡಗಿಸಿ, ಅಲಂಕಾರವಿಲ್ಲದ ಪಾತ್ರಗಳನ್ನು ಧರಿಸಿದ್ದು ಕನ್ನಡ ಚಿತ್ರರಂಗದ ಇತಿಹಾಸದಲ್ಲಿ ಸ್ಮರಣೀಯ. ಹೀಗೆ ಒಬ್ಬೊಬ್ಬರ ವಿಶ್ವಾಸವನ್ನು ಸಂಪಾದಿಸುತ್ತ ನಡೆದ ಈ ಪಯಣದಲ್ಲಿ ನಾಲ್ಕು ಚಿತ್ರಗಳು, ಎಂದರೆ ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿಸಾಹೇಬ’ ಮತ್ತು ‘ದ್ವೀಪ’, ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಸಲ್ಲುವ ಸ್ವರ್ಣಕಮಲವನ್ನು ಗಳಿಸಿದವು. 2011ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಆದರೆ ಪ್ರಶಸ್ತಿಗಳ ಪಟ್ಟಿ ವಿಮರ್ಶೆಯಲ್ಲ. ಈಗ ಮೊದಲ ಆಕ್ಷೇಪವನ್ನು ಎತ್ತಿಕೊಳ್ಳೋಣ.

ಒಡೆದ ಗಡಿಗೆ

‘ಘಟಶ್ರಾದ್ಧ’ 1977ರ ಚಿತ್ರ, ಯು.ಆರ್. ಅನಂತಮೂರ್ತಿಯವರ ಕತೆಯನ್ನು ಆಧರಿಸಿದ್ದು. ಆಗ ನಿರ್ದೇಶಕರಿಗೆ ಇಪ್ಪತ್ತೇಳು ವರ್ಷ ತುಂಬುವುದರಲ್ಲಿತ್ತು. ಮಲೆನಾಡಿನ ಒಂದು ವೇದಪಾಠಶಾಲೆ. ಅಲ್ಲಿಗೆ ಹೊಸದಾಗಿ ಬಂದ ನಾಣಿ ಎಂಬ ಬಾಲಕ. ಅವನಿಗೆ ತಾಯಿಯ ಮಮತೆಯನ್ನು ತೋರುವ, ಗುರುಗಳಾದ ಉಡುಪರ ವಿಧವೆ ಮಗಳು ಯಮುನಕ್ಕ. ಶಾಲೆಯ ಮೇಷ್ಟರ ಸಂಬಂಧದಿಂದ ಅವಳು ಗರ್ಭವತಿಯಾಗುತ್ತಾಳೆ. ಮುಂದಿನದು ಭಯದ ಕತೆ. ಕಡೆಗೆ ಬದುಕಿರುವವಳಿಗೆ ಶ್ರಾದ್ಧ ಮಾಡಿ, ಗಡಿಗೆಯನ್ನು ಒಡೆದು, ತಲೆ ಬೋಳಿಸಿ ಅವಳನ್ನು ಕುಲದಿಂದ ಹೊರಗಿಡಲಾಗುತ್ತದೆ. ತಂದೆಯೊಡನೆ ಊರಿಗೆ ಮರಳುವ ನಾಣಿಯ ಕಣ್ಣಿಗೆ ಅಶ್ವತ್ಥದ ಬುಡದಲ್ಲಿ ಕುಳಿತ ಅವಳ ಆ ರೂಪ ಬೀಳುತ್ತದೆ.

ವಾಚಕರು ಒಂದು ಅಂಶವನ್ನು ಗಮನಿಸಬೇಕು. ಈ ಕತೆಯನ್ನು ನಾವು ನೋಡುವುದು ನಾಣಿಯ ಕಣ್ಣಿನಿಂದ. ಮಠದ ಪ್ರಸಾದನಿಲಯಗಳಲ್ಲಿ ಓದಿದವರಿಗೆ ಆ ಕಣ್ಣು ಅಪರಿಚಿತವಲ್ಲ. ಮನೆಯನ್ನು ಬಿಟ್ಟು ಬಂದ ಮೊದಲ ವಾರದ ಅಳು, ಹಿರಿಯ ವಿದ್ಯಾರ್ಥಿಗಳ ಗದರಿಕೆ, ಬಡಿಸುವ ಕೈಯಲ್ಲಿ ತಾಯಿಯನ್ನು ಹುಡುಕುವ ಆಸೆ ಇವೆಲ್ಲ ಜಾತಿ–ಮತಗಳ ಭೇದವಿಲ್ಲದೆ ಎಲ್ಲ ಗುರುಕುಲಗಳ ಎಳೆಯರಿಗೂ ಸಮಾನ. ಆದುದರಿಂದ ಇದು ಬೇರೊಂದು ಸಮಾಜದ ದೋಷವನ್ನು ತೋರುವ ಚಿತ್ರವೆಂದು ನಾವು ನಿಶ್ಚಿಂತರಾಗಿ ಕೂರುವಂತಿಲ್ಲ. ಓದಿಸುವ ಸಂಸ್ಥೆಯೊಂದು ಮಗುವಿಗೆ ಪಾಠದಿಂದ ಕಲಿಸುವುದೇನು, ನಡೆಯಿಂದ ಕಲಿಸುವುದೇನು ಎಂಬ ಪ್ರಶ್ನೆ ನಮ್ಮನ್ನೂ ಮುಟ್ಟುತ್ತದೆ. ನಾಣಿ ಅಲ್ಲಿ ಮಂತ್ರವನ್ನೂ ಕಲಿತ, ಮನುಷ್ಯರ ನಿರ್ದಯತೆಯನ್ನೂ ಕಲಿತ. ಯಾವುದು ಅವನ ನೆನಪಿನಲ್ಲಿ ಉಳಿಯಿತೆಂಬುದನ್ನು ಕೊನೆಯ ದೃಶ್ಯ ಹೇಳುತ್ತದೆ.

ಇಲ್ಲಿ ಸಂಪ್ರದಾಯದ ನಿಂದೆ ಇದೆಯೇ? ಇದೆ ಎನ್ನುವವರು ಒಂದನ್ನು ಮರೆಯುತ್ತಾರೆ. ಕಾಸರವಳ್ಳಿಯವರು ಮಂತ್ರವನ್ನಾಗಲಿ ಅಧ್ಯಯನವನ್ನಾಗಲಿ ಗೇಲಿ ಮಾಡುವುದಿಲ್ಲ. ಉಡುಪರನ್ನು ಕ್ರೂರಿಯಾಗಿಯೂ ಚಿತ್ರಿಸುವುದಿಲ್ಲ; ಪಾಠಶಾಲೆಗಾಗಿ ಹಣ ಕೂಡಿಸಲು ಊರೂರು ಅಲೆಯುವ ದುರ್ಬಲ ವೃದ್ಧ ಅವರು. ಅದೇ ಉಡುಪರು ಮಗಳ ಶ್ರಾದ್ಧದ ಬಳಿಕ ತಾವು ಮರುಮದುವೆಗೆ ಸಿದ್ಧರಾಗುತ್ತಾರೆ. ಈ ಎರಡು ಸಂಗತಿಗಳನ್ನು ನಿರ್ದೇಶಕರು ಪಕ್ಕಪಕ್ಕದಲ್ಲಿ ಇರಿಸಿ ಸುಮ್ಮನಾಗುತ್ತಾರೆ. ನಿಂದೆಯ ಮಾತು ತೆರೆಯ ಮೇಲೆ ಇಲ್ಲ. ನೋಡುವವನ ಅಂತಸ್ಸಾಕ್ಷಿಯಲ್ಲಿ ಹುಟ್ಟುತ್ತದೆ. ಕಪ್ಪು–ಬಿಳುಪಿನ ಛಾಯಾಗ್ರಹಣ ಮಾಡಿದ ಎಸ್. ರಾಮಚಂದ್ರ ಹಾಗೂ ಸಂಗೀತ ಒದಗಿಸಿದ ಕಾರಂತರು ಈ ಮೌನವನ್ನು ಕದಡದೆ ಕಾಪಾಡಿದ್ದಾರೆ. ಚಿತ್ರದ ಪ್ರತಿಯನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ಸಂಸ್ಥೆಗಳು ಜೀರ್ಣೋದ್ಧಾರ ಮಾಡಿ, 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದುವು. ಹಳೆಯ ತಾಳೆಗರಿಯನ್ನು ಉಳಿಸುವಷ್ಟೇ ಪುಣ್ಯದ ಕೆಲಸವಿದು.

ಕಚೇರಿಯೆಂಬ ಕಾಡು

1979ರ ‘ಆಕ್ರಮಣ’, ಯಶವಂತ ಚಿತ್ತಾಲರ ಕಾದಂಬರಿಯನ್ನು ಆಧರಿಸಿದ 1981ರ ‘ಮೂರು ದಾರಿಗಳು’ ಮೊದಲ ಚಿತ್ರದ ಎತ್ತರಕ್ಕೆ ಏರಲಿಲ್ಲ. ಆ ಬಳಿಕ 1986ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಕತೆಯಿಂದ ‘ತಬರನ ಕಥೆ’ ಮೂಡಿತು. ಸರಕಾರದ ಸೇವೆಯಲ್ಲಿ ಆಯುಷ್ಯ ಸವೆಸಿದ ತಬರಶೆಟ್ಟಿ ತನ್ನ ನಿವೃತ್ತಿವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಮಡದಿ ಅಪ್ಪಿಯ ಕಾಲು ಕೊಳೆಯುತ್ತಿದೆ; ಚಿಕಿತ್ಸೆಗೆ ಹಣವಿಲ್ಲ. ಹಣ ಬರುವುದರೊಳಗಾಗಿ ಅವಳು ಉಳಿಯುವುದಿಲ್ಲ, ತಬರನ ಬುದ್ಧಿಯೂ ಉಳಿಯುವುದಿಲ್ಲ.

ಇದು ಭ್ರಷ್ಟಾಚಾರವನ್ನು ಖಂಡಿಸುವ ಚಿತ್ರ ಎಂದುಬಿಟ್ಟರೆ ಅರ್ಧ ಮಾತ್ರ ಹೇಳಿದಂತೆ. ತಬರನು ಸರಕಾರವನ್ನು ನಂಬಿದವನು. ತನ್ನ ಅಲ್ಪ ಅಧಿಕಾರದ ಬಗೆಗೆ ಅವನಿಗೆ ಅಭಿಮಾನವಿತ್ತು; ತಾನು ನಿಷ್ಠೆಯಿಂದ ನಡೆದರೆ ವ್ಯವಸ್ಥೆ ತನ್ನ ಕೈಬಿಡದು ಎಂಬ ಭರವಸೆಯಿತ್ತು. ಪೂಜಾರಿಗೆ ದೇವರ ಮೇಲಿರುವ ಭರವಸೆಯಂಥದು ಅದು. ‘ಘಟಶ್ರಾದ್ಧ’ದಲ್ಲಿ ಶಾಸ್ತ್ರವು ಮಾಡಿದ್ದನ್ನು ಇಲ್ಲಿ ಕಡತವು ಮಾಡುತ್ತದೆ. ಬದುಕಿರುವವನನ್ನು ಸತ್ತವನೆಂದು ಎಣಿಸುವ ಕ್ರಮ ಎರಡರಲ್ಲಿಯೂ ಒಂದೇ. ತಬರನಾಗಿ ಅಭಿನಯಿಸಿದ ಚಾರುಹಾಸನ್ ರಾಷ್ಟ್ರಪ್ರಶಸ್ತಿಗೆ ಪಾತ್ರರಾದರು. ಸಂಪ್ರದಾಯವೇ ಕಾಸರವಳ್ಳಿಯವರ ಏಕೈಕ ಗುರಿ ಎಂಬ ಆಕ್ಷೇಪ ಈ ಚಿತ್ರದ ಮುಂದೆ ನಿಲ್ಲಲಾರದು. ಅವರು ಪರೀಕ್ಷಿಸುವುದು ಅಧಿಕಾರವನ್ನು. ಅದು ಪಂಚೆಯುಟ್ಟು ಬಂದರೂ ಸರಿ, ಮೊಹರು ಹಿಡಿದು ಬಂದರೂ ಸರಿ.

‘ಮನೆ’ (1990) ಪಟ್ಟಣದ ಬಾಡಿಗೆ ಮನೆಯೊಂದರಲ್ಲಿ ದಾಂಪತ್ಯವು ಸವೆಯುವ ಬಗೆಯನ್ನು ತೋರಿತು. ‘ತಾಯಿಸಾಹೇಬ’ (1997) ರಂಗನಾಥ ಶಾಮರಾವ ಲೋಕಾಪುರರ ಕಾದಂಬರಿಯನ್ನು ಆಧರಿಸಿ ಉತ್ತರ ಕರ್ನಾಟಕದ ವಾಡೆಯೊಂದರ ಒಳಗಣ ಬದುಕನ್ನು ಸ್ವಾತಂತ್ರ್ಯದ ಹಿಂದು–ಮುಂದಿನ ವರ್ಷಗಳಲ್ಲಿ ಇಟ್ಟು ನೋಡಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುವ ಯಜಮಾನನ ಮನೆಯೊಳಗೆ ಮಡದಿಗೆ ಎಷ್ಟು ಸ್ವಾತಂತ್ರ್ಯವಿದೆ ಎಂಬುದು ಅಲ್ಲಿನ ಪ್ರಶ್ನೆ. ಆ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ ಕಾಸರವಳ್ಳಿಯವರ ಪತ್ನಿ, 2010ರಲ್ಲಿ ದಿವಂಗತರಾದ ನಟಿ ವೈಶಾಲಿಯವರು ರಾಷ್ಟ್ರಪ್ರಶಸ್ತಿ ಪಡೆದರು.

ಯಾರ ನಂಬುಗೆ, ಯಾರ ದುಡಿಮೆ?

ನಂಬುಗೆಯ ಪ್ರಶ್ನೆ ಮತ್ತೆ ಮುನ್ನೆಲೆಗೆ ಬರುವುದು 2002ರ ‘ದ್ವೀಪ’ದಲ್ಲಿ. ಶರಾವತಿ ಕಣಿವೆಯ ಮುಳುಗಡೆಯನ್ನು ಬಲ್ಲ ನಾ. ಡಿಸೋಜರ ಕಾದಂಬರಿ ಇದಕ್ಕೆ ಮೂಲ. ಅಣೆಕಟ್ಟಿನ ನೀರು ಏರುತ್ತಿರುವಾಗ ಎಲ್ಲರೂ ಊರು ತೊರೆಯುತ್ತಾರೆ. ಸೀತಾಪರ್ವತದ ದೈವವನ್ನು ಪೂಜಿಸುವ ದುಗ್ಗಜ್ಜನ ಕುಟುಂಬ ಉಳಿಯುತ್ತದೆ. ಸರಕಾರ ಕೊಡುವ ಪರಿಹಾರ ಅತ್ಯಲ್ಪ. ಬಿಟ್ಟು ಹೋದರೆ ಊರಿನಲ್ಲಿದ್ದ ಮಾನವೂ ಇಲ್ಲ. ಮಳೆಯ ದಿನಗಳಲ್ಲಿ, ಸುತ್ತ ನೀರು ನಿಂತಾಗ, ರಾತ್ರಿಯಿಡೀ ಎಚ್ಚರವಿದ್ದು ಮನೆಯನ್ನು ಉಳಿಸಿಕೊಳ್ಳುವವಳು ಸೊಸೆ ನಾಗಿ. ನೀರು ಇಳಿದ ಮೇಲೆ ಗಂಡ ಗಣಪ ಕೈಮುಗಿಯುವುದು ದೈವಕ್ಕೆ. ನಾಗಿಯ ಮುಖದಲ್ಲಿ ಆಗ ಮೂಡುವ ಭಾವವನ್ನು ಸೌಂದರ್ಯ ಅವರು ಮಾತಿಲ್ಲದೆ ತೋರಿದ್ದಾರೆ. ಎರಡು ವರ್ಷಗಳಲ್ಲಿಯೇ ವಿಮಾನಾಪಘಾತದಲ್ಲಿ ತೀರಿಕೊಂಡ ಆ ಕಲಾವಿದೆಯ ಶ್ರೇಷ್ಠ ಪಾತ್ರವಿದು.

ಸಹೃದಯರೇ, ಇಲ್ಲಿ ತುಸು ನಿಲ್ಲಬೇಕು. ದೈವಕೃಪೆಯನ್ನು ನೆನೆಯುವುದು ತಪ್ಪೇ? ಎಂದಿಗೂ ಅಲ್ಲ. ಆದರೆ ಪಕ್ಕದಲ್ಲಿ ದುಡಿದ ಕೈಯನ್ನು ಕಾಣದೆ ಕೃಪೆಯನ್ನು ಮಾತ್ರ ಕಾಣುವುದು ಭಕ್ತಿಯಾದೀತೇ? ಕಾಯಕವನ್ನೇ ಪೂಜೆಯೆಂದು ಎತ್ತಿಹಿಡಿದ ಪರಂಪರೆಗೆ ಸೇರಿದವರು ನಾವು. ಆ ಪರಂಪರೆಯ ಅಳತೆಗೋಲಿನಿಂದಲೇ ನೋಡಿದರೆ, ನಾಗಿಯ ದುಡಿಮೆಯನ್ನು ಗುರುತಿಸದ ಗಣಪನ ಭಕ್ತಿ ಅಪೂರ್ಣ. ನಿರ್ದೇಶಕರು ಹೊರಗಿನಿಂದ ತಂದ ಯಾವ ವಾದವನ್ನೂ ಇಲ್ಲಿ ಹೇರಿಲ್ಲ. ನಾವೇ ಆಡುವ ಮಾತಿಗೆ ನಾವು ಎಷ್ಟು ಬದ್ಧರೆಂದು ಕೇಳಿದ್ದಾರೆ, ಅಷ್ಟೆ.

2004ರ ‘ಹಸೀನಾ’ ಬಾನು ಮುಷ್ತಾಕರ ಕತೆಯಿಂದ ಬಂದುದು. ಈ ಲೇಖಕಿಯ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದುದನ್ನು ವಾಚಕರು ಬಲ್ಲರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡನಿಂದ ಪರಿತ್ಯಕ್ತಳಾದ ಹಸೀನಾ ಮಕ್ಕಳೊಡನೆ ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಅವಳು ಧರ್ಮವನ್ನು ಧಿಕ್ಕರಿಸಿ ಹೊರಟವಳಲ್ಲ. ತನ್ನ ಧರ್ಮದಲ್ಲಿ ತನಗೆ ನ್ಯಾಯವಿದೆಯೆಂದು ನಂಬಿ ಬಂದವಳು. ಧರ್ಮದ ಹೆಸರಿನಲ್ಲಿ ಕುಳಿತವರಿಗೆ ಅವಳ ಮಾತು ಕೇಳಿಸುವುದಿಲ್ಲ. ತಾರಾ ಅವರಿಗೆ ಈ ಪಾತ್ರ ರಾಷ್ಟ್ರಪ್ರಶಸ್ತಿಯನ್ನು ತಂದಿತು. ಬಾಗಿಲಿಗೆ ಬಂದ ಅಬಲೆಗೆ ಉತ್ತರ ಕೊಡುವ ಹೊಣೆ ಮಸೀದಿಗಿದ್ದಂತೆ ಗುಡಿಗೂ ಮಠಕ್ಕೂ ಇದೆ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಎಸ್.ಎಲ್. ಭೈರಪ್ಪನವರ ಕಾದಂಬರಿಯನ್ನು ಆಧರಿಸಿದ ‘ನಾಯಿ ನೆರಳು’ (2006) ಪುನರ್ಜನ್ಮದ ವಸ್ತುವುಳ್ಳದ್ದು. ತೀರಿಹೋದ ಮಗನೇ ಮರಳಿ ಹುಟ್ಟಿ ಬಂದಿದ್ದಾನೆಂದು ವಯಸ್ಸಾದ ತಾಯಿ–ತಂದೆ ಬೇರೊಂದು ಊರಿನ ತರುಣನನ್ನು ಮನೆಗೆ ಕರೆತರುತ್ತಾರೆ. ಹಾಗಾದರೆ ಆ ಮಗನ ವಿಧವೆ ವೆಂಕಟಲಕ್ಷ್ಮಿಗೆ ಅವನು ಯಾರು? ತನಗಿಂತ ಬಹಳ ಕಿರಿಯನಾದವನನ್ನು ಗಂಡನೆಂದು ಅವಳು ಒಪ್ಪಬೇಕೇ? ಪುನರ್ಜನ್ಮ ನಿಜವೇ ಸುಳ್ಳೇ ಎಂಬ ತರ್ಕವನ್ನು ಕಾಸರವಳ್ಳಿಯವರು ಬಗೆಹರಿಸಲು ಹೋಗುವುದಿಲ್ಲ. ಅತ್ತೆ–ಮಾವಂದಿರಿಗೆ ಅದು ಸಾಂತ್ವನ, ಓದಿದ ಮಗಳಿಗೆ ಅವಮಾನ. ವೆಂಕಟಲಕ್ಷ್ಮಿಗೋ, ಇತರರು ತನ್ನ ಮೇಲೆ ಹೊರಿಸಿದ ನಂಬುಗೆಯೊಳಗೆ ತನ್ನದೇ ಒಂದು ಬದುಕಿನ ಬಾಗಿಲು. ಒಂದೇ ನಂಬುಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅರ್ಥವನ್ನು ತಾಳುತ್ತದೆ ಎಂಬ ಸೂಕ್ಷ್ಮವನ್ನು ಇಷ್ಟು ಸಂಯಮದಿಂದ ಹೇಳಿದ ಚಿತ್ರ ವಿರಳ.

ಗೋರಿ ತೋಡುವವನ ಕನಸು

ಈ ವಿಚಾರಸರಣಿ ಪರಿಪಕ್ವವಾದದ್ದು 2010ರ ‘ಕನಸೆಂಬೋ ಕುದುರೆಯನೇರಿ’ ಚಿತ್ರದಲ್ಲಿ. ನಮ್ಮ ವಾಚಕರು ತಪ್ಪದೆ ನೋಡಬೇಕಾದ ಚಿತ್ರವಿದು. ಅಮರೇಶ ನುಗಡೋಣಿಯವರ ‘ಸವಾರಿ’ ಇದರ ಮೂಲಕತೆ. ಕಾಸರವಳ್ಳಿ ಮತ್ತು ಗೋಪಾಲಕೃಷ್ಣ ಪೈ ಅವರು ಜೊತೆಯಾಗಿ ಬರೆದ ಚಿತ್ರಕತೆಗೆ ರಾಷ್ಟ್ರಪ್ರಶಸ್ತಿ ಸಂದಿದೆ. ಈರ್ಯ ಗೋರಿ ತೋಡುವವನು. ಅವನ ಕನಸಿನಲ್ಲಿ ಸಿದ್ಧನು ಬಂದನೆಂದರೆ ಊರಿನಲ್ಲಿ ಒಂದು ಸಾವು ನಿಶ್ಚಿತ. ಅವನಿಗೂ ಮಡದಿ ರುದ್ರಿಗೂ ಅದು ಅನುಭವದಿಂದ ಬಂದ ನಂಬುಗೆ. ಒಂದು ದಿನ ಸಿದ್ಧನು ಬಂದ. ಗೌಡರು ಹಾಸಿಗೆ ಹಿಡಿದಿದ್ದಾರೆ. ಈರ್ಯ ವಾಡೆಗೆ ಹೋದ. ಅಲ್ಲಿನ ಮೇಲ್ವಿಚಾರಕ ಮಠದಯ್ಯನಿಂದ ಅವನಿಗೆ ದೊರೆತ ಉತ್ತರ, ಗೌಡರು ಬದುಕಿದ್ದಾರೆ ಎಂದು. ಹಾಗಾದರೆ ಸಿದ್ಧನು ಸುಳ್ಳಾದನೇ? ಈರ್ಯನ ಬದುಕಿನ ತಳಪಾಯವೇ ಅಲುಗಾಡುತ್ತದೆ.

ಆ ಬಳಿಕ ಚಿತ್ರವು ಅದೇ ಸಂಗತಿಗಳನ್ನು ಮಠದಯ್ಯನ ಕಡೆಯಿಂದ ಮತ್ತೊಮ್ಮೆ ಹೇಳುತ್ತದೆ. ಆಗ ನಮಗೆ ನಿಜ ತಿಳಿಯುತ್ತದೆ. ಸಿದ್ಧನು ಸುಳ್ಳಾಡಿರಲಿಲ್ಲ. ಗೌಡರು ತೀರಿಹೋಗಿದ್ದರು. ಲೌಕಿಕದ ಲೆಕ್ಕಾಚಾರಕ್ಕಾಗಿ ವಾಡೆಯು ಸಾವನ್ನು ಮುಚ್ಚಿಟ್ಟಿತ್ತು. ಬಡವನ ಕನಸು ಸತ್ಯ. ಉಳ್ಳವರ ಎಚ್ಚರ ಸುಳ್ಳು.

1977ರಲ್ಲಿ ವಿಧಿಯನ್ನು ಆಯುಧವಾಗಿ ಹಿಡಿದವರನ್ನು ಪ್ರಶ್ನಿಸಿದ ನಿರ್ದೇಶಕರು, ಮೂರು ದಶಕಗಳ ಅನಂತರ ಒಬ್ಬ ಅಕ್ಷರಹೀನನ ನಂಬುಗೆಯ ಪರವಾಗಿ ನಿಂತರು. ಇದು ನಿಲುವಿನ ಬದಲಾವಣೆಯೇ? ನನ್ನ ಮಟ್ಟಿಗೆ ಹೇಳುವುದಾದರೆ, ಅಲ್ಲ. ‘ಘಟಶ್ರಾದ್ಧ’ದಲ್ಲಿ ಅವರು ಪ್ರಶ್ನಿಸಿದ್ದು ಅಧಿಕಾರವು ತೊಟ್ಟ ನಂಬುಗೆಯ ವೇಷವನ್ನು, ‘ಕನಸೆಂಬೋ ಕುದುರೆಯನೇರಿ’ಯಲ್ಲಿ ಅವರು ಗೌರವಿಸಿದ್ದು ಅಧಿಕಾರವಿಲ್ಲದವನ ನಂಬುಗೆಯನ್ನು. ಎರಡನ್ನೂ ಬೇರ್ಪಡಿಸಿ ನೋಡುವ ವಿವೇಕ ಅವರಿಗೆ ಮೊದಲಿನಿಂದಲೂ ಇತ್ತು. ಅದನ್ನು ಗುರುತಿಸುವುದರಲ್ಲಿ ನಾವು ತಡಮಾಡಿದೆವು.

ಶವವನ್ನು ಹೂಳುವ ಸಮಾಜಕ್ಕೆ ಗೋರಿ ತೋಡುವವನು ಅನಿವಾರ್ಯ. ಸಾವಿನ ಮನೆಯಲ್ಲಿ ಅವನನ್ನು ಕರೆಯುತ್ತೇವೆ, ಮದುವೆಯ ಮನೆಯಲ್ಲಿ ಮರೆಯುತ್ತೇವೆ. ಅವನ ಕೆಲಸವೂ ಕಾಯಕವೇ ತಾನೆ? ಈ ಚಿತ್ರದ ವೇದಿಕೆ ನಮಗೆ ಸಮೀಪದ್ದು. ವಾಡೆ, ಗೌಡ, ಅಯ್ಯ ಎಲ್ಲರೂ ಪರಿಚಿತರು. ಹತ್ತಿರದ ಕನ್ನಡಿಯಲ್ಲಿ ಮುಖ ಹೆಚ್ಚು ಸ್ಪಷ್ಟ. ವೈಜನಾಥ ಬಿರಾದಾರರು ಈರ್ಯನಾಗಿ, ಉಮಾಶ್ರೀಯವರು ರುದ್ರಿಯಾಗಿ ಆ ದಂಪತಿಗಳಿಗೆ ಕೊಟ್ಟ ಘನತೆಯನ್ನು ಕಂಡವರು ಮರೆಯಲಾರರು. ಹಾಸ್ಯದ ಚಿಕ್ಕ ಪಾತ್ರಗಳಿಗಷ್ಟೇ ಮೀಸಲಾಗಿದ್ದ ಬಿರಾದಾರರಲ್ಲಿ ಇಂಥ ಶಕ್ತಿ ಇತ್ತೆಂಬುದನ್ನು ಕಂಡುಹಿಡಿದದ್ದೂ ನಿರ್ದೇಶಕರ ಸಾಧನೆಯೇ.

ಕತೆಗಾರನೊಡನೆ ಸಂವಾದ

ಕಾಸರವಳ್ಳಿಯವರು ಬಹುಮಟ್ಟಿಗೆ ಅನ್ಯರ ಕತೆಗಳನ್ನೇ ಆಯ್ದುಕೊಂಡವರು. ಹೀಗಿರುವಾಗ ಅವರನ್ನು ಲೇಖಕರೆನ್ನಬಹುದೇ ಎಂದು ಕೆಲವರು ಕೇಳಬಹುದು. ‘ಗುಲಾಬಿ ಟಾಕೀಸ್’ (2008) ಇದಕ್ಕೆ ಉತ್ತರ. ವೈದೇಹಿಯವರ ಕತೆಯಲ್ಲಿ ಊರಿಗೆ ಬಂದ ಟಾಕೀಸು ಹೆಂಗಸರ ಬದುಕನ್ನು ಕದಲಿಸುತ್ತದೆ. ಚಿತ್ರದಲ್ಲಿ ಟಾಕೀಸಿನ ಜಾಗಕ್ಕೆ ದೂರದರ್ಶನ ಪೆಟ್ಟಿಗೆ ಬಂದಿದೆ. ಕಾಲ 1999ರ ಕಾರ್ಗಿಲ್ ಯುದ್ಧದ ಆಸುಪಾಸು. ನಾಯಕಿ ಕರಾವಳಿಯ ಮೀನುಗಾರರ ನಡುವೆ ಬಾಳುವ ಮುಸ್ಲಿಂ ಸೂಲಗಿತ್ತಿ. ಊರಿನ ಮಕ್ಕಳನ್ನೆಲ್ಲ ಭೂಮಿಗೆ ತಂದ ಆ ಕೈಯನ್ನೇ ಊರು ಒಂದು ದಿನ ಹೊರಗಟ್ಟುತ್ತದೆ. ಮೂಲಕತೆಯ ಬೀಜವನ್ನು ಉಳಿಸಿಕೊಂಡು ಬೇರೆ ನೆಲದಲ್ಲಿ ಬಿತ್ತಿ ಬೇರೆ ಫಲ ಪಡೆಯುವ ಈ ಕ್ರಮ ಅನುವಾದವಲ್ಲ, ಸಂವಾದ. ವಚನವನ್ನು ವ್ಯಾಖ್ಯಾನಿಸುವವನೂ ತನ್ನ ಕಾಲವನ್ನು ಅದರೊಳಗೆ ತರುತ್ತಾನಲ್ಲವೇ?

ಇಷ್ಟನ್ನು ಮೆಚ್ಚಿದ ಮೇಲೆ ಕೊರತೆಗಳನ್ನೂ ಹೇಳಬೇಕು. ‘ಗುಲಾಬಿ ಟಾಕೀಸ್’ನಲ್ಲಿ ಯುದ್ಧದ ವಾರ್ತೆಯೂ ಊರಿನ ಮನಸ್ತಾಪವೂ ಕೈಕೈ ಹಿಡಿದು ಬರುವ ಕ್ರಮ ಕೆಲವೆಡೆ ಮೊದಲೇ ಗೆರೆ ಎಳೆದಿಟ್ಟಂತೆ ತೋರುತ್ತದೆ. ಉಳ್ಳವರ ಪಾತ್ರಗಳಿಗೆ, ಉದಾಹರಣೆಗೆ ‘ಕನಸೆಂಬೋ ಕುದುರೆಯನೇರಿ’ಯ ವಾಡೆಯವರಿಗೆ, ಬಡವರ ಪಾತ್ರಗಳಿಗಿರುವಷ್ಟು ಒಳಮನೆ ಇಲ್ಲ, ಮಠದಯ್ಯನೊಬ್ಬನು ಇದಕ್ಕೆ ಅಪವಾದ. ಬಡವನ ಕನಸನ್ನು ಸತ್ಯವಾಗಿಸುವಾಗ, ಅದೇ ನಂಬುಗೆ ಅವನನ್ನು ಗೋರಿಯ ಪಕ್ಕದಲ್ಲಿಯೇ ಕಟ್ಟಿಹಾಕಿದೆ ಎಂಬ ಕಟುಸತ್ಯವನ್ನು ಚಿತ್ರ ಇನ್ನಷ್ಟು ಹೊತ್ತು ನೋಡಬಹುದಿತ್ತು. ನಗುವಿನ ಎಡೆಯೂ ಇವರ ಚಿತ್ರಗಳಲ್ಲಿ ಕಡಿಮೆ. ನಮ್ಮ ಹಳ್ಳಿಗರು ದುಃಖದ ನಡುವೆಯೂ ನಗೆಯಾಡಬಲ್ಲವರು. ಕುಂ. ವೀರಭದ್ರಪ್ಪನವರ ಕತೆಯಿಂದ ಬಂದ ‘ಕೂರ್ಮಾವತಾರ’ (2011) ಈ ಕೊರತೆಯನ್ನು ತುಸು ನೀಗಿಸಿತು. ನಿವೃತ್ತಿಯ ಅಂಚಿನ ಗುಮಾಸ್ತನೊಬ್ಬ, ರೂಪಸಾಮ್ಯದ ಕಾರಣದಿಂದ, ಧಾರಾವಾಹಿಯಲ್ಲಿ ಗಾಂಧೀಜಿಯ ಪಾತ್ರ ಮಾಡಬೇಕಾಗಿ ಬಂದು, ಗಾಂಧಿಯನ್ನು ಓದತೊಡಗಿ, ಜನರ ನಿರೀಕ್ಷೆಯ ಭಾರಕ್ಕೆ ಸಿಕ್ಕಿಬೀಳುವ ಕತೆಯಲ್ಲಿ ನಗೆಯೂ ಇದೆ, ನೋವೂ ಇದೆ. ವೇಷ ಧರಿಸುವುದು ಸುಲಭ, ವೇಷಕ್ಕೆ ತಕ್ಕಂತೆ ಬಾಳುವುದು ಕಷ್ಟ. ಖಾದಿಯಾಗಲಿ ಕಾವಿಯಾಗಲಿ, ಈ ಮಾತಿಗೆ ಹೊರತಲ್ಲ.

ಪ್ರೇಕ್ಷಕನ ಋಣ

ಇನ್ನು ಎರಡನೆಯ ಆಕ್ಷೇಪ. ಈ ಚಿತ್ರಗಳು ನಮಗಾಗಿ ಅಲ್ಲವೇ? ವಿಷಯ ನಮ್ಮದು, ಭಾಷೆ ನಮ್ಮದು, ಕತೆಗಾರರು ನಮ್ಮವರು. ತಾಲ್ಲೂಕು ಕೇಂದ್ರಗಳ ಚಿತ್ರಮಂದಿರಗಳಲ್ಲಿ ಅವು ನಿಂತು ಓಡಿದ್ದು ವಿರಳವೆಂಬುದು ನಿಜ. ಹಂಚಿಕೆದಾರನಿಗೆ ಲಾಭವಿಲ್ಲದ ಚಿತ್ರವು ಊರಿಗೆ ಬರುವುದಿಲ್ಲ. ಊರಿಗೆ ಬಾರದ ಚಿತ್ರವನ್ನು ನೋಡದ ಜನ ಅದು ತಮ್ಮದಲ್ಲವೆಂದು ತಿಳಿಯುತ್ತಾರೆ. ‘ಕೂರ್ಮಾವತಾರ’ದ ಬಳಿಕ ಅವರ ಮುಂದಿನ ಕಥಾಚಿತ್ರ, ಜಯಂತ ಕಾಯ್ಕಿಣಿಯವರ ಕತೆಯನ್ನು ಆಧರಿಸಿದ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’, ಬಂದದ್ದು 2020ರಲ್ಲಿ. ಈ ನಡುವೆ ಅನಂತಮೂರ್ತಿಯವರನ್ನೂ ಮಲಯಾಳದ ನಿರ್ದೇಶಕ ಅಡೂರ್ ಗೋಪಾಲಕೃಷ್ಣನ್ ಅವರನ್ನೂ ಕುರಿತು ಸಾಕ್ಷ್ಯಚಿತ್ರಗಳನ್ನು ಅವರು ಮಾಡಿದರಾದರೂ, ನಾಲ್ಕು ಸ್ವರ್ಣಕಮಲಗಳ ನಿರ್ದೇಶಕರ ಎರಡು ಕಥಾಚಿತ್ರಗಳ ನಡುವೆ ಒಂಬತ್ತು ವರ್ಷಗಳ ಅಂತರ ಬಿದ್ದುದು ಯೋಚಿಸಬೇಕಾದ ಸಂಗತಿ.

ಮಠಗಳು ಈ ಕೆಲಸದಲ್ಲಿ ಮಾಡಬಹುದಾದದ್ದಿದೆ. ನಾಟಕದ ವಿಷಯದಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಸಾಣೇಹಳ್ಳಿಯ ಶಿವಸಂಚಾರ ತಂಡ 1997ರಿಂದ ಊರೂರಿಗೆ ಉತ್ತಮ ನಾಟಕಗಳನ್ನು ಒಯ್ದಿದೆ. ಮಠಗಳ ಆಶ್ರಯದ ಶಾಲೆ–ಕಾಲೇಜುಗಳಲ್ಲಿ ಸಭಾಂಗಣಗಳಿವೆ, ಪ್ರಸಾದನಿಲಯಗಳಲ್ಲಿ ನೂರಾರು ಮಕ್ಕಳಿದ್ದಾರೆ. ತಿಂಗಳಿಗೊಮ್ಮೆ ಹಕ್ಕುದಾರರ ಒಪ್ಪಿಗೆ ಪಡೆದು ಒಂದು ಒಳ್ಳೆಯ ಕನ್ನಡ ಚಿತ್ರವನ್ನು ತೋರಿಸಿ, ಆಮೇಲೆ ಅರ್ಧ ಗಂಟೆ ಮಕ್ಕಳನ್ನು ಮಾತನಾಡಲು ಬಿಟ್ಟರೆ ಸಾಕು. ಹಳೆಯ ವಿದ್ಯಾರ್ಥಿಗಳ ಸಂಘಗಳು ಮನಸ್ಸು ಮಾಡಿದರೆ ಇದು ದೊಡ್ಡ ವೆಚ್ಚದ ಮಾತಲ್ಲ. ಮೊದಲ ಚಿತ್ರವಾಗಿ ‘ದ್ವೀಪ’ವನ್ನು ಆರಿಸಬಹುದು, ಹಿರಿಯ ವಿದ್ಯಾರ್ಥಿಗಳಿಗೆ ‘ತಬರನ ಕಥೆ’, ಭಕ್ತರ ಸಮಾವೇಶಕ್ಕೆ ‘ಕನಸೆಂಬೋ ಕುದುರೆಯನೇರಿ’.

‘ಘಟಶ್ರಾದ್ಧ’ವನ್ನು ತೋರಿಸಲು ಹಿಂಜರಿಯುವವರಿದ್ದಾರು. ಅಂಥವರಿಗೆ ಒಂದೇ ವಿನಂತಿ: ಅದನ್ನು ಮಕ್ಕಳಿಗಿಂತ ಮೊದಲು ಅವರ ಅಧ್ಯಾಪಕರಿಗೆ ತೋರಿಸಿರಿ. ನಾಣಿಯಂಥ ಕಣ್ಣುಗಳು ಪ್ರತಿಯೊಂದು ನಿಲಯದಲ್ಲಿಯೂ ಇವೆ. ಅವು ಹಿರಿಯರನ್ನು ದಿನವೂ ನೋಡುತ್ತಿವೆ. ತಾವು ಕಂಡದ್ದನ್ನು ಅವು ಮರೆಯುವುದಿಲ್ಲ.